ಸೋತ ಆಟಗಳೂ ಇದ್ದ ಗೋಡೆ

ನಾಗರಪಂಚಮಿಯ ಮರುದಿನ ಶಾಲೆಯ ಪಾಟೀಚೀಲ ಎಸೆದು ಮೊದಲ ಸಲ ಮನೆ ಬಿಟ್ಟವನು ನಾನು. ಆಮೇಲೆ ಅಂಗಡಿಗಳ ಬೋರ್ಡು ಬರೆಯುತ್ತ ಊರೂರು ತಿರುಗಿದೆ.

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರೊಬ್ಬರು ಕರೆಸಿದರು. ಟೆನಿಸ್ಸನ್ನೇ ಕಸುಬು ಮಾಡಿಕೊಂಡಿದ್ದ ಅವರ ಮಗಳು ಮೊಣಕಾಲು ಕೆಟ್ಟು ಊರಿಗೆ ಮರಳಿ, ಮಕ್ಕಳಿಗೆ ಆಟ ಕಲಿಸಲು ಹೊರಟಿದ್ದಳು. ಅಂಗಳದ ಗೋಡೆಗೆ ಅವಳಾಡಿದ ಪಂದ್ಯಗಳ ಪಟ್ಟಿಯನ್ನು ನಾನು ಬರೆಯಬೇಕಿತ್ತು.

"ಗೆದ್ದದ್ದಷ್ಟ ಬರಿಯಪಾ. ಸೋತದ್ದು ಓದಿದ್ರ ಮಕ್ಕಳನ್ನ ಯಾರು ಕಳಸ್ತಾರ?" ಎಂದರು ಸಾಹುಕಾರರು.

ಮಗಳು ಕೊಟ್ಟ ಹಾಳೆಯಲ್ಲಿ ಸೋತದ್ದೇ ಹೆಚ್ಚಿತ್ತು.

"ಎಲ್ಲಾ ಬರೀರಿ ಅಣ್ಣಾರ," ಎಂದವಳು ಅಪ್ಪನತ್ತ ತಿರುಗಿದಳು. "ಅಪ್ಪಾ, ನೀ ಪ್ಯಾಟ್ಯಾಗ ಚೀಲದ ತಳಕ್ಕ ಕೈ ಹಾಕಲಾರದ ಎಂದಾರ ಕಾಯಿ ತಗೊಂಡೀಯೇನು? ನಿನ್ನ ಮಗಳ ಚೀಲದಾಗ ಮಾತ್ರ ಮ್ಯಾಲಿನ ಕಾಯಿ ಅಷ್ಟ ತೋರಸ್ತಿ?"

ನಾನು ಬ್ರಷ್ಷು ಹಿಡಿದು ನಿಂತೇ ಇದ್ದೆ. ಸಾಹುಕಾರರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಕೊನೆಯವರೆಗೂ ಓದಿ ಮರಳಿಸಿದರು.

"ಬರಿ ಹಂಗಾರ. ಆದ್ರ ಸಣ್ಣ ಅಕ್ಷರ ಬ್ಯಾಡ. ಮುಚ್ಚಿಟ್ಟಂಗ ಕಾಣ್ತದ."

ಗೆಲುವಿಗೆ ಅರ್ಧ ಡಬ್ಬಿ ಸಾಕಾಯಿತು. ಉಳಿದ ಬಣ್ಣವನ್ನೆಲ್ಲ ಸೋಲುಗಳೇ ಕುಡಿದವು. ಸೀಮೆಎಣ್ಣೆಯಲ್ಲಿ ಬ್ರಷ್ಷು ತೊಳೆದು ಸಾಮಾನಿನ ಗಂಟು ಕಟ್ಟಿದೆ. ರಾಣೆಬೆನ್ನೂರಿನ ಬಸ್ಸಿಗೆ ಹೊರಡಲು ಎತ್ತಿಕೊಂಡರೆ, ಅದು ಎಂದಿಗಿಂತ ಹಗುರಾಗಿತ್ತು.