ಮಾಳಿಗಿಯ ಹೊಸ ಮಣ್ಣು

ಶಬಾನಾ, ನೀನು ಎಣಿಕೆಯನ್ನು ಮನಸ್ಸಿಗೆ ಬಂದಂತೆ ಬರೆದಿರಲಿಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿತ್ತೇ? ಮೂರು ವರ್ಷದಿಂದ ಈ ಪ್ರಶ್ನೆಯ ಮುಂದೆಯೇ ನಿಂತಿದ್ದೇನೆ.

ರಾಯಚೂರಿನ ಕಾಲೇಜಿನಿಂದ ಇಬ್ಬರೂ ಆಕಾಶದ ಕಣ ಎಣಿಸುವ ಒಂದೊಂದು ಯಂತ್ರ ತಂದಿದ್ದೆವು. ನಿನ್ನದು ಮಾನ್ವಿಯ ಆರ್‌ಸಿಸಿ ಮನೆಯೊಳಗೆ, ನನ್ನದು ದೇವದುರ್ಗದ ಮಣ್ಣಿನ ಮಾಳಿಗಿಯ ಕೆಳಗೆ. ಬಾಹ್ಯಾಕಾಶದಿಂದ ಬಂದ ಕಣ ಮೇಲಿನ ಗಾಳಿಗೆ ಬಡಿದು ಚೂರಾಗುತ್ತದೆ. ಆ ಚೂರುಗಳು ನೆಲದವರೆಗೂ ಸುರಿಯುತ್ತವೆ. ಒಂದು ಚೂರು ಹಾದು, ಯಂತ್ರದೊಳಗೆ ಒಂದರ ಮೇಲೊಂದು ಇಟ್ಟ ಎರಡು ಹಲಗೆಗಳೂ ಒಮ್ಮೆಲೇ ಮಿನುಗಿದರೆ ಒಂದು ಎಣಿಕೆ. ಮೇಲೆ ಭಾರ ಹೆಚ್ಚಿದಷ್ಟೂ ಕೆಳಗೆ ತಲುಪುವ ಚೂರು ಕಡಿಮೆ; ಗಾಳಿಯ ಒತ್ತಡ ಹೆಚ್ಚಿದ ದಿನ ಎಣಿಕೆ ಇಳಿಯುತ್ತದೆ — ಅದನ್ನು ನಾನು ತಾರೀಖು ಹಾಕಿ ತಪ್ಪದೆ ಸರಿದೂಗಿಸುತ್ತಿದ್ದೆ. ‘ತಾರೀಖಿನ ಸಾಹೇಬ’ ಎಂದು ನೀನು ಕಾಡಿಸುತ್ತಿದ್ದೆ.

ಜೂನಿನ ಮೊದಲ ವಾರ ನನ್ನ ಎಣಿಕೆ ಇಳಿಯಿತು, ಮತ್ತೆ ಏರಲಿಲ್ಲ. ನಿನ್ನದು ಇದ್ದಲ್ಲೇ ಇತ್ತು. ಸೂರ್ಯನಲ್ಲಿ ಬಿರುಗಾಳಿ ಎದ್ದಾಗ ಹೀಗೆ ಇಳಿಯುತ್ತದೆಂದು ಓದಿದ್ದೆ. ನನಗೆ ಅದೇ ಬೇಕಾಗಿತ್ತು. ಆದರೆ ಬಿರುಗಾಳಿಯಾದರೆ ನಿನ್ನದೂ ಇಳಿಯಬೇಕಿತ್ತು. ಮತ್ತೊಮ್ಮೆ ನೋಡು ಎಂದು ಫೋನ್ ಮಾಡಿದೆ.

“ಬಿದ್ದಷ್ಟ ಬರದೀನಪ. ಕಮ್ಮಿ ಬೀಳ್ಲಿಲ್ಲಂದ್ರ ನಾ ಏನ್ ಆಕಾಶಕ್ಕ ಕೈ ಅಡ್ಡ ಹಿಡೀಲಿ?”

ಎರಡೂ ಎಣಿಕೆ ಯಾಕೆ ಹೊಂದುತ್ತಿಲ್ಲ ಎಂದು, ಯಂತ್ರ ಕೊಟ್ಟಿದ್ದ ನಮ್ಮ ಸರ್ ಕೇಳಿದ ದಿನ ನೀನು ಬಂದಿರಲಿಲ್ಲ.

“ಶಬಾನಾ ಅಂದಾಜಿಗೆ ಬರದಾಳ್ರೀ ಸರ್.”

ಅಷ್ಟೇ ಅಂದೆ. ಸಂಶೋಧನಾ ತರಬೇತಿಯ ಪಟ್ಟಿಯಿಂದ ನಿನ್ನ ಹೆಸರು ಹೋಯಿತು. ಇದ್ದ ಒಂದೇ ಜಾಗ ನನಗೆ ಬಂತು. ಮಗಳು ಸುಳ್ಳು ಲೆಕ್ಕ ಬರೆದಳೆಂಬ ಮಾತು ನಿನ್ನ ಅಬ್ಬಾನ ಕಿವಿಗೂ ಬಿತ್ತು, ನೀನು ಎಂ.ಎಸ್ಸಿ.ಗೆ ಬರಲೇ ಇಲ್ಲ.

ಮಳೆ ಹಿಡಿಯುವುದರೊಳಗೆ ಎಂದು ಎಣಿಕೆ ಇಳಿದ ಅದೇ ವಾರ ಅಪ್ಪ, ಸೋರದಿರಲೆಂದು ಮಾಳಿಗಿಯ ಮೇಲೆ ಸವಳು ಮಣ್ಣು ಹಾಕಿಸಿದ್ದ. ಬುಟ್ಟಿ ಹೊತ್ತವನು ನಾನೇ. ಧೂಳು ಬೀಳದಂತೆ ಯಂತ್ರಕ್ಕೆ ಬಟ್ಟೆ ಹೊದಿಸಿದವನೂ ನಾನೇ. ಆ ಮಣ್ಣು ಸರ್ ಎದುರಿಗೇ ನೆನಪಾಯಿತೋ, ಆಮೇಲೆ ನೆನಪಾಯಿತೋ — ಒಮ್ಮೊಮ್ಮೆ ಆಗಲೇ ಎನ್ನಿಸುತ್ತದೆ, ಒಮ್ಮೊಮ್ಮೆ... ಗಾಳಿಯ ಭಾರವನ್ನೇ ಲೆಕ್ಕ ಹಾಕುತ್ತಿದ್ದವನಿಗೆ ತಲೆಯ ಮೇಲೆ ಹೊತ್ತ ಮಣ್ಣು ತಿಳಿಯಲಿಲ್ಲವೆಂದರೆ? ನಾನೇ ನಂಬಲಾರೆ.

ಹೋದ ವಾರ ಅಪ್ಪ ಆ ಮಾಳಿಗಿ ಕೆಡವಿಸಿದ. ಯಂತ್ರವನ್ನು ಕಾಲೇಜಿನಿಂದ ಮತ್ತೆ ಕೇಳಿ ತಂದು ಅದೇ ಜಾಗದಲ್ಲಿ, ಬಯಲಿಗೆ ಇಟ್ಟೆ. ಎಣಿಕೆ ಏರಿತು. ಅಂದಿನ ಇಳಿತವೆಲ್ಲ ಮಣ್ಣಿನದೇ ಹೌದೋ ಅಲ್ಲವೋ, ಇನ್ನೂ ಹೇಳಲಾರೆ. ನಿನ್ನದಂತೂ ಅಲ್ಲ.

ಇವತ್ತು ಸರ್‌ಗೆ ಹೇಳಿದೆ. “ಆಕಿಗೆ ಹೇಳೀಯೇನು?” ಎಂದರು. ಈಗ ಮಾನ್ವಿಯ ಬಸ್ಸಿನಲ್ಲಿದ್ದೇನೆ. ಇಷ್ಟನ್ನೆಲ್ಲ ಅಲ್ಲಿ ಹೇಳಲು ನನಗಾಗುವುದಿಲ್ಲ, ಅದಕ್ಕೇ ಬರೆದೆ. ಮೇಲೆ ಬರೆದ ಮೊದಲ ಸಾಲನ್ನು ಮಾತ್ರ ಹೇಳುತ್ತೇನೆ — ಮೊದಲು ನಿನ್ನ ಅಬ್ಬಾಗೆ, ನೀನು ಕೇಳುವಂತೆ.