ಪೇಪರ್ ಕೆಳಗಿಟ್ಟಾಗ

೧೯೮೭ರಲ್ಲಿ, ಒಂಬತ್ತನೆಯ ತರಗತಿಯಲ್ಲಿ ನಾನು ಶಾಲೆ ಬಿಟ್ಟೆ. ಬ್ಯಾಡಗಿಯಲ್ಲಿ ಪತ್ರಿಕೆ ಹಂಚುವ ಕೆಲಸ ಹಿಡಿದೆ. ಹತ್ತು ವರ್ಷಕ್ಕೆ ಏಜೆನ್ಸಿಯೇ ನನ್ನದಾಯಿತು. ಬಂದ ಪೇಪರನ್ನು ಒಂದು ಮನೆಗೂ ತಪ್ಪಿಸಿದವನಲ್ಲ.

೨೦೧೭ರಲ್ಲಿ ಹಾವೇರಿಯಿಂದ ಸಮಾಜಶಾಸ್ತ್ರದ ಅಧ್ಯಾಪಕರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅಭಿಪ್ರಾಯ ಹುಟ್ಟುವುದು ಅಚ್ಚಿನಲ್ಲಲ್ಲ, ಓದಿದವರ ಮಾತುಕತೆಯಲ್ಲಿ ಎಂದು ನೂರು ವರ್ಷಗಳ ಹಿಂದೆಯೇ ಯುರೋಪಿನ ಪಂಡಿತರೊಬ್ಬರು ಬರೆದಿದ್ದರಂತೆ. ಅದನ್ನು ಅವರು ನಮ್ಮ ತಾಲ್ಲೂಕಿನಲ್ಲಿ ನೋಡಬೇಕಿತ್ತು. ಸರ್ಕ್ಯುಲೇಶನ್ ಎಂದರೆ ಹೋದ ಪ್ರತಿಗಳು, ರೀಡರ್‌ಶಿಪ್ ಎಂದರೆ ಓದಿದವರು. ಕೇಳಿಸಿಕೊಂಡವರ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ ಎಂದರು. ನಾನು ಇಡುತ್ತೇನೆ ಎಂದೆ.

ಎರಡು ವರ್ಷ, ಪೇಪರ್ ಹಾಕಿ ಮುಗಿದ ಮೇಲೆ, ಕದರಮಂಡಲಗಿಯ ಚಹಾದಂಗಡಿಯಲ್ಲಿ ಕೂತು ಬರೆದುಕೊಂಡೆ. ಅಲ್ಲಿ ಒಂದೇ ಪ್ರತಿ, ಕೇಳುವವರು ಇಪ್ಪತ್ತು ಮಂದಿ. ಓದುವವರು ಇಮಾಮಸಾಬ ಚಾಚಾ. ಅವರು ತಲೆಬರಹ ಮಾತ್ರ ಓದಿ, ಕನ್ನಡಕ ತೆಗೆದು, ಪೇಪರ್ ತೊಡೆಯ ಮೇಲೆ ಮಡಚಿಡುವರು. ಜನ ವಾದಿಸಿ ಸುಸ್ತಾದ ಮೇಲೆಯೇ ಉಳಿದ ಸುದ್ದಿ ಓದುವರು. ಮಂದಿ ಮನೆಗೆ ಒಯ್ಯುತ್ತಿದ್ದುದು ಆ ವಾದವನ್ನೇ, ಸುದ್ದಿಯನ್ನಲ್ಲ.

“ಎಲ್ಲಾ ಒಮ್ಮೆಲೇ ಓದಿದ್ರ ಇವ್ರ ಬಾಯಿ ಕಟ್ಟತೈತೋ ಬಸಣ್ಣ,” ಎಂದಿದ್ದರು ಚಾಚಾ.

ಅಭಿಪ್ರಾಯ ಹುಟ್ಟುವುದು ಪೇಪರ್ ಕೆಳಗಿಟ್ಟಾಗ ಎಂದು ನಾನು ಬರೆದೆ. ಅಧ್ಯಾಪಕರು ಆ ಸಾಲನ್ನು ಎರಡು ಸಲ ಓದಿದರು. “ಪುಸ್ತಕದ ಮ್ಯಾಲೆ ಇಬ್ಬರ ಹೆಸರೂ ಬರತೈತ್ರಿ ಬಸಣ್ಣಾರ,” ಎಂದರು. ಹನ್ನೊಂದು ನೋಟ್‌ಬುಕ್ ಕೊಟ್ಟೆ, ಜೆರಾಕ್ಸ್ ಕೂಡ ಮಾಡಿಸಿಕೊಳ್ಳಲಿಲ್ಲ. ಚಹಾದಂಗಡಿಗೆಲ್ಲ ನನ್ನ ಹೆಸರು ಬರುತ್ತದೆಂದು ಹೇಳಿದವನೂ ನಾನೇ.

ರಾಣೆಬೆನ್ನೂರಿನಲ್ಲಿ ಪುಸ್ತಕ ಬಿಡುಗಡೆಯಾದದ್ದು ನನಗೆ ತಿಳಿದದ್ದು ಪೇಪರಿನಿಂದ, ಅದೂ ನಾನೇ ಹಂಚಿದ ಪೇಪರಿನಿಂದ. ಒಂದು ಪ್ರತಿ ತರಿಸಿ, ಕಟ್ಟು ಬಿಚ್ಚದೆ ಚಾಚಾ ಕೈಗೆ ಕೊಟ್ಟೆ. ಅವರು ಪುಸ್ತಕದ ಹೆಸರು ಓದಿದರು, ಅಧ್ಯಾಪಕರ ಹೆಸರು ಓದಿದರು, ಕನ್ನಡಕ ತೆಗೆದರು. ಅಂದು ಯಾರೂ ವಾದಿಸಲಿಲ್ಲ.

“ಇನ್ನೊಂದ ಹೆಸರ ಒಳಗ ಇರಬೇಕ ತಗೋರಿ,” ಎಂದ ಅಂಗಡಿಯವ.

ಒಳಗೆ ನಾನು ‘ಅಲ್ಪಶಿಕ್ಷಿತ ವಿತರಕನೊಬ್ಬ’ ಆಗಿದ್ದೆ. ಪೇಪರ್ ಕೆಳಗಿಟ್ಟಾಗ ಎಂಬ ನನ್ನ ಸಾಲು ಅಧ್ಯಾಪಕರ ಹೆಸರಿನಲ್ಲಿ ಅಚ್ಚಾಗಿತ್ತು. ಚಾಚಾ ನಡುವೆ ನಿಲ್ಲಿಸುತ್ತಿದ್ದುದು ‘ಸರಾಗವಾಗಿ ಓದಲು ಬಾರದ ಕಾರಣ’ ಎಂದಿತ್ತು. ಆ ಸಾಲನ್ನು ಚಾಚಾ ಎಲ್ಲಿಯೂ ನಿಲ್ಲದೆ ಓದಿದರು.

ಹಾವೇರಿಗೆ ಹೋಗಿ ಅಧ್ಯಾಪಕರನ್ನು ಕೇಳಿದೆ. “ಮಾಹಿತಿ ಕೊಟ್ಟವ್ರ ಹೆಸರು ಹಾಕಬಾರದು ಅಂತ ಸಂಶೋಧನಾದಾಗ ನಿಯಮ ಐತ್ರಿ. ನಿಮ್ಮ ಒಳ್ಳೇದಕ್ಕ,” ಎಂದರು.

“ಹಂಗಾರ ನನ್ನ ಮಾತಿನ ಕೆಳಗ ನಿಮ್ಮ ಹೆಸರು ಯಾಕ್ರಿ?”

ಚಹಾ ತರಿಸಿದರು. ನಾನು ಕುಡಿಯಲಿಲ್ಲ. ನೋಟ್‌ಬುಕ್‌ಗಳು ಎಲ್ಲೋ ಇವೆ, ಹುಡುಕಿಸುತ್ತೇನೆ ಎಂದರು.

ಅಚ್ಚಾಗದ ಸುದ್ದಿಯನ್ನು ಹಂಚಬಾರದೆಂದು ಈ ಕಸುಬು ನನಗೆ ಕಲಿಸಿತು. ನನ್ನ ಹೆಸರನ್ನು ನಾನೇ ಮೊದಲು ಹಂಚಿಬಿಟ್ಟಿದ್ದೆ.

ಈಗ ನನ್ನ ಬಳಿ ಇರುವುದು: ಪೇಪರ್ ಹಾಕುತ್ತಿದ್ದ ನಾನೂರು ಮನೆಗಳಲ್ಲಿ ಉಳಿದ ನೂರ ಅರವತ್ತು. ಒಂದು ಮೊಪೆಡ್. ಆ ಪುಸ್ತಕದ ಒಂದು ಪ್ರತಿ. ಮೊದಲ ಪುಟದಲ್ಲೇ ನನ್ನ ಹೆಸರು ಬರೆದು ಹೊಸದಾಗಿ ಶುರುಮಾಡಿದ ಹನ್ನೆರಡನೆಯ ನೋಟ್‌ಬುಕ್. ಮೊದಲಿನ ಹನ್ನೊಂದು ಇಲ್ಲ.