ಮಡಿಕೆ ಬಿಚ್ಚದ ಸೀರೆ

ಮೊನ್ನೆ ಮಗಳು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಮ್ಮ, ಇಲ್ಲಿ ನೋಡು. ಹೊಸದು ಒಂದೂ ತಗೊಳ್ದೆ, ಇರೋ ಬಟ್ಟೇನಲ್ಲೇ ವರ್ಷ ಪೂರ್ತಿ ಹೆಂಗೆ ಮ್ಯಾನೇಜ್ ಮಾಡೋದು ಅಂತ ಹೇಳ್ಕೊಡ್ತಾರೆ," ಎಂದಳು. ಯಾರೋ ಹುಡುಗಿ ಮಂಚದ ಮೇಲೆ ಬಟ್ಟೆಗಳನ್ನೆಲ್ಲ ಸುರಿದುಕೊಂಡು, ಬೇಸಿಗೆಗೆ ಇದು, ಮಳೆಗೆ ಇದು, ಚಳಿಗೆ ಇದು ಎಂದು ನಗುನಗುತ್ತ ವಿಂಗಡಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. "ಹೋಗೇ, ಅಜ್ಜಿಗೆ ಮೊಮ್ಮಗಳು ಕೆಮ್ಮೋದು ಕಲಿಸಿದ್ಳಂತೆ," ಎಂದು ಎದ್ದು ಒಳಗೆ ಹೋದೆ.

ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಮನೆ, ಗೌರಿಬಿದನೂರಿನಲ್ಲಿ ಗುಮಾಸ್ತೆ ಕೆಲಸ, ನಡುವೆ ದಿನಾ ಬಸ್ಸು. ಶಿವರಾತ್ರಿ ಕಳೆದರೆ ಕಾಟನ್ ಸೀರೆಗಳು ಗಂಜಿ ಕಂಡು ಬೀರುವಿನ ಮೇಲಿನ ಅರೆಗೆ ಬರುತ್ತಿದ್ದವು. ಮಳೆ ಹಿಡಿದರೆ ಕೆಸರು ಕಾಣದ ಬಣ್ಣದ ಪಾಲಿಸ್ಟರ್. ಒಗೆದು ಹರವಿದರೆ ಬೆಳಗಿನೊಳಗೆ ಒಣಗಬೇಕು, ಅಷ್ಟೇ. ದೀಪಾವಳಿ ಆದ ಮೇಲೆ ಬೆಟ್ಟದ ಕಡೆಯಿಂದ ಗಾಳಿ ಬೀಸುವಾಗ, ಕಿಟಕಿಯ ಗಾಜು ಮುಚ್ಚದ ಬಸ್ಸಿನಲ್ಲಿ, ಗಂಡ ಹಾಕಿಕೊಳ್ಳುವುದು ಬಿಟ್ಟ ತುಂಬುತೋಳಿನ ಸ್ವೆಟರ್, ಅದರ ಮೇಲೆ ಸೆರಗು. ಸೀರೆಯ ಒಡಲು ಹರಿದರೆ ಹರಿದದ್ದು ಒಳನೆರಿಗೆಗೆ ಹೋಗುವಂತೆ ಉಡುತ್ತಿದ್ದೆ. ಸೆರಗೇ ಹರಿದರೆ ಅದನ್ನು ಸೊಂಟಕ್ಕೆ ಸಿಗಿಸಿ ಇನ್ನೊಂದು ತುದಿಯನ್ನು ಸೆರಗು ಮಾಡುತ್ತಿದ್ದೆ. ಆಫೀಸಿನಲ್ಲಿ "ಮೇಡಂ ಎಷ್ಟು ನೀಟು" ಎನ್ನುತ್ತಿದ್ದರು. ನೀಟಂತೆ, ಮಣ್ಣು!

ಇಷ್ಟೆಲ್ಲ ಒದ್ದಾಟದ ಪಕ್ಕದ ಕೋಣೆಯಲ್ಲೇ ನನ್ನ ರೇಷ್ಮೆ ಸೀರೆಗಳಿದ್ದವು. ಅತ್ತೆಯ ಕಬ್ಬಿಣದ ಬೀರುವಿನಲ್ಲಿ. ಮದುವೆಯಾಗಿ ಬಂದ ವಾರದಲ್ಲೇ, "ಭಾರೀ ಸೀರೆಗಳೆಲ್ಲ ಇಲ್ಲಿಡಮ್ಮ, ಜೋಪಾನವಾಗಿರ್ತವೆ," ಎಂದು ಇಡಿಸಿಕೊಂಡು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಲ್ಲಿಂದ ಯಾವ ಮದುವೆಗೆ ಯಾವ ಸೀರೆ ಎಂಬುದು ಅವರ ತೀರ್ಮಾನ. ಅವರೇ ತೆಗೆದುಕೊಡಬೇಕು, ಸಂಜೆಗೆ ಅವರೇ ಮಡಿಸಿ ಒಳಗಿಡಬೇಕು.

ಅದರಲ್ಲಿ ಒಂದು ಹಸಿರು ಸೀರೆ ಮಾತ್ರ ಹೊರಗೆ ಬರಲೇ ಇಲ್ಲ. ನನ್ನ ತವರು ಶಿಡ್ಲಘಟ್ಟ. ಅಮ್ಮ ಮನೆಯಂಗಳದಲ್ಲೇ ಬಿಸಿನೀರಿಗೆ ರೇಷ್ಮೆಗೂಡು ಹಾಕಿ ನೂಲು ತೆಗೆಯುತ್ತಿದ್ದಳು. ಬೆರಳು ಬೆಂದು ಬೆಂದು ಬಿಳಿಚಿಕೊಂಡಿರುತ್ತಿದ್ದವು. ಊರೆಲ್ಲ ಉಡುವ ರೇಷ್ಮೆಗೆ ನೂಲು ತೆಗೆದವಳು ತಾನು ಮಾತ್ರ ರೇಷ್ಮೆ ಉಟ್ಟದ್ದು ನಾನು ಕಾಣೆ. ನನ್ನ ಮದುವೆಗೆಂದು ಮನೆಯ ನೂಲನ್ನೇ ತೆಗೆದಿಟ್ಟು, ಬಣ್ಣ ಹಾಕಿಸಿ, ನೇಯಿಸಿದ ಸೀರೆ ಅದು. ಕಳಿಸಿಕೊಡುವಾಗ ಸೀರೆಯನ್ನು ಮಡಿಲಿಗಿಟ್ಟು ಒಂದೇ ಬುದ್ಧಿ ಹೇಳಿದಳು: "ಆ ಮನೆ ಮಾತು ಈ ಮನೆಗೆ ತರಬಾರ್ದು ಕಣಮ್ಮ." ನಾನು ತರಲಿಲ್ಲ.

ಅತ್ತೆಯನ್ನು ಕೇಳಲಿಲ್ಲ ಅಂತಲ್ಲ. ತವರಿನ ಪ್ರತಿಯೊಂದು ಕಾರ್ಯಕ್ಕೂ ಕೇಳಿದೆ. "ಅದ್ ಇರ್ಲಿ ಬಿಡು, ಇದುಟ್ಕೊಂಡು ಹೋಗು. ಹುಳದ ಮನೇಲಿ ಅಷ್ಟು ಭಾರೀ ಸೀರೆ ಯಾರಿಗೆ ತೋರ್ಸೋಕೆ?" ಗಂಡನಿಗೆ ಹೇಳಿದರೆ ಪೇಪರ್ ಕೆಳಗಿಳಿಸದೆಯೇ, "ಅಮ್ಮನ್ನ ನೀನೇ ಕೇಳು," ಎನ್ನುತ್ತಿದ್ದರು. ತವರಿನಲ್ಲಿ ಅಮ್ಮ ಬಾಗಿಲಲ್ಲೇ ನನ್ನ ಮೈ ನೋಡಿ, "ಹಸಿರು ಸೀರೆ ಉಟ್ಕೊಂಡು ಬರ್ಲಿಲ್ವೇನೇ?" ಎನ್ನುತ್ತಿದ್ದಳು. ಸೆಖೆ ಎನ್ನುತ್ತಿದ್ದೆ, ಮಳೆ ಎನ್ನುತ್ತಿದ್ದೆ, ಬಸ್ಸಿನ ರಶ್ಶು ಎನ್ನುತ್ತಿದ್ದೆ. ಆಮೇಲೆ ಅಮ್ಮ ಕೇಳುವುದನ್ನೇ ಬಿಟ್ಟಳು. ವಯಸ್ಸಾಯಿತು, ಮರೆತಳು ಎಂದುಕೊಂಡೆ.

ಹೋದ ವರ್ಷ ಅತ್ತೆಯ ಕೈ ನಡುಗಿ, ಬೀಗ ತಿರುಗಿಸುವುದಕ್ಕೂ ಆಗದಂತಾಯಿತು. "ಇನ್ಮೇಲೆ ನೀನೇ ನೋಡ್ಕೊ," ಎಂದು ಬೀಗದ ಕೈ ನನ್ನ ಅಂಗೈಗೆ ಹಾಕಿದರು. ನನ್ನ ಅಣ್ಣನ ಮಗನ ಮದುವೆ ಹತ್ತಿರವಿತ್ತು. ಬೀರು ತೆಗೆಯುವುದಕ್ಕೂ ಮೊದಲೇ ಅಮ್ಮನಿಗೆ ಫೋನು ಮಾಡಿದೆ. "ಅಮ್ಮ, ಮದುವೆಗೆ ಹಸಿರು ಸೀರೆ ಉಟ್ಕೊಂಡು ಬರ್ತೀನಿ." "ಬಾರಮ್ಮ," ಎಂದಳು.

ಸೀರೆ ಬೀರುವಿನ ತಳದಲ್ಲಿತ್ತು. ಸುತ್ತ ನುಸಿಗುಳಿಗೆ. ರೇಷ್ಮೆಯನ್ನು ಆಗಾಗ ಬಿಚ್ಚಿ, ಗಾಳಿಗೆ ಹರವಿ, ಮಡಿಕೆ ಬದಲಾಯಿಸಿ ಇಡದಿದ್ದರೆ ಮಡಿಕೆಯಲ್ಲೇ ನೂಲು ಸಾಯುತ್ತದೆ. ನಾನು ಮೆಲ್ಲಗೆ ಎತ್ತಿ ಬಿಡಿಸಿದರೆ ಮೊದಲ ಮಡಿಕೆ ಪರ್ ಎಂದಿತು. ಎರಡನೆಯದೂ ಹಾಗೇ. ಉದ್ದಕ್ಕೂ, ಅಡ್ಡಕ್ಕೂ, ಮಡಿಕೆ ಇದ್ದಲ್ಲೆಲ್ಲ ಬಿಟ್ಟುಕೊಂಡಿತು. ಒಂದು ಹರಿದಿದ್ದರೆ ಒಳನೆರಿಗೆಗೆ ಹಾಕುತ್ತಿದ್ದೆ, ನನಗದು ಗೊತ್ತಿದ್ದ ವಿದ್ಯೆ. ಇಡೀ ಸೀರೆಯನ್ನು ಯಾವ ನೆರಿಗೆಯಲ್ಲಿ ಬಚ್ಚಿಡಲಿ?

ಅತ್ತೆಯ ಮುಂದೆ ಹಿಡಿದೆ. ಅವರು ಹರಿದ ಅಂಚನ್ನು ಮುಟ್ಟಿ ನೋಡಿ, "ನಾನೇನು ಉಟ್ಟು ಹರ್ದ್ನಾ? ಇಟ್ಟಿದ್ದು ಇಟ್ಟಂಗೇ ಇಟ್ಟಿದೀನಿ," ಎಂದರು. ನಿಜವೇ ತಾನೆ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಬರುವ ಹೊತ್ತಿಗೆ ಸೀರೆಯ ಕಾಲ ಮುಗಿದಿತ್ತು. ಕೂಗಾಡಿದೆ. ಗಂಡ, "ವಯಸ್ಸಾದೋರ ಹತ್ರ ಏನೇ ನಿಂದು?" ಎಂದರು.

ಮದುವೆಯ ದಿನ ಆಫೀಸಿನ ಸೀರೆಯೊಂದನ್ನು ಇಸ್ತ್ರಿ ಮಾಡಿ ಉಟ್ಟು ಶಿಡ್ಲಘಟ್ಟಕ್ಕೆ ಹೋದೆ. ಅಮ್ಮ ಛತ್ರದ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಮುಖ ತಿರುಗಿಸಿದಳು.

"ಉಡ್ದೆ ಇದ್ರೆ ಇರ್ಲಿ. ಉಟ್ಕೊಂಡು ಬರ್ತೀನಿ ಅಂತ ಆಸೆ ಯಾಕೆ ಹುಟ್ಟಿಸ್ದೆ? ಹುಳದ ವಾಸ್ನೆ ಬರುತ್ತೆ ಅಂತ ತಾನೆ? ಆಫೀಸ್ನೋಳಿಗೆ ನಮ್ಮನೆ ಸೀರೆ ಅಂದ್ರೆ ನಾಚ್ಕೆ. ನಂಗೆ ಗೊತ್ತು ಬಿಡು. ಅದಕ್ಕೇ ಕೇಳೋದು ಬಿಟ್ಟೆ."

ಅಮ್ಮ ಮರೆತಿರಲಿಲ್ಲ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ನಾನು ಬ್ಯಾಗಿನಿಂದ ಸೀರೆ ತೆಗೆದು ಅವಳ ತೊಡೆಯ ಮೇಲಿಟ್ಟೆ. ಬೀರು, ಬೀಗ, ಅತ್ತೆ, ಎಲ್ಲವನ್ನೂ ಹೇಳಿದೆ. ವಾಲಗ ಜೋರಾಗಿತ್ತು, ಕಿವಿಯ ಹತ್ತಿರ ಬಗ್ಗಿ ಹೇಳಬೇಕಾಯಿತು. ಅಮ್ಮ ಆ ಬಿಳಿಚಿದ ಬೆರಳನ್ನು ಹರಿದ ಮಡಿಕೆಯೊಳಗೆ ತೂರಿಸಿ ನೋಡಿದಳು. "ಅಯ್ಯೋ ದೇವುಡಾ," ಎಂದಳು. ಆಮೇಲೆ ನನ್ನ ಕೈ ಹಿಡಿದು, "ನಂಗೆ ಒಂದ್ಮಾತು ಹೇಳ್ಬಾರ್ದಿತ್ತೇನೇ?" ಎಂದು ಅತ್ತಳು.

"ಹೇಳ್ಬಾರ್ದು ಅಂತ ನೀನೇ ಅಲ್ವೇನಮ್ಮ ಹೇಳಿ ಕಳ್ಸಿದ್ದು?" ಎಂದೆ.